ಕಂಡೆನ್ಸ್ಡ್ ಮಿಲ್ಕಿನ ಕ್ಯಾರಮೆಲ್ ಸಾಸ್: ಮರಳಾಗಿ ಹೋದ ಒಂದು ಬಾಟಲಿಯ ಪ್ರಕರಣ ಅಧ್ಯಯನ

ಕೇಕಿನ ಮೇಲೆ ಸುರಿಯಲು ಕ್ಯಾರಮೆಲ್ ಸಾಸ್ ಬೇಕಿತ್ತು. ಗೆಳತಿಯ ಬಳಿ 400 ಗ್ರಾಂನ ಎರಡು ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಇತ್ತು. ಮೊದಲ ಡಬ್ಬಿಯಲ್ಲಿ ಮಾಡಿದ ಸಾಸ್ ಕೆಟ್ಟಿತು. ಎರಡನೆಯದು ಚೆನ್ನಾಗಿ ಬಂತು. ಎರಡಕ್ಕೂ ಒಂದೇ ಬ್ರ್ಯಾಂಡಿನ ಹಾಲು, ಒಂದೇ ಅಡುಗೆಮನೆ, ಒಬ್ಬಳದೇ ಕೈ. ಹಾಗಾಗಿ ಏನು ಬದಲಾಯಿತು ಅಂತ ಹುಡುಕುವುದು ಸುಲಭವಾಯಿತು.

ಕೆಟ್ಟ ಬಾಟಲಿಯನ್ನು ಅವಳು ಎಸೆದಿರಲಿಲ್ಲ. ಅದು ಒಳ್ಳೆಯದೇ ಆಯಿತು. ಕೆಟ್ಟ ಸಾಸನ್ನು ನೋಡಿ, ನೆಕ್ಕಿ, ತೂಕ ಹಾಕಿದರೆ ತಿಳಿಯುವಷ್ಟು ಯಾವ ರೆಸಿಪಿ ಓದಿದರೂ ತಿಳಿಯುವುದಿಲ್ಲ.

ಮೊದಲ ಡಬ್ಬಿಗೆ ಆಗಿದ್ದು

ಡಬ್ಬಿಯ ಹಾಲನ್ನು ನೇರವಾಗಿ ದಪ್ಪ ತಳದ ಪಾತ್ರೆಗೆ ಸುರಿದು ಒಲೆಗೆ ಇಟ್ಟಿದ್ದಳು. ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಉರಿ. ಅವಳಿಗೆ ಸಕ್ಕರೆ ಕರಗಿಸಿ ಕ್ಯಾರಮೆಲ್ ಮಾಡಿ ಅಭ್ಯಾಸವಿದೆ. ಅದನ್ನೇ ಇಲ್ಲಿಗೂ ತಂದಳು. ಬಣ್ಣ ಬೇಕಾದರೆ ಬಿಸಿ ಜಾಸ್ತಿ ಮಾಡಬೇಕು, ಅಷ್ಟೇ ಅಂತ ಅವಳ ಲೆಕ್ಕ.

ಹತ್ತು ನಿಮಿಷದೊಳಗೆ ತಳ ಹಿಡಿಯಿತು. ಸೌಟಿಗೆ ಕಂದು ಚೂರುಗಳು ಬಂದವು. ಉರಿ ಇಳಿಸಿದಳು, ಕೈಯಾಡಿಸುತ್ತಲೇ ಇದ್ದಳು. ಹಾಲು ಗಟ್ಟಿಯಾಗುತ್ತಾ ಹೋಯಿತು, ಆದರೆ ಬಣ್ಣ ಮಾತ್ರ ತಿಳಿ ಕಂದಿನಲ್ಲೇ ನಿಂತಿತ್ತು. ಇನ್ನೂ ಬಣ್ಣ ಬರಲಿ ಅಂತ ಬಿಟ್ಟಳು. ಬರಬೇಕಾದ ಬಣ್ಣ ಬರುವ ಹೊತ್ತಿಗೆ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿತ್ತು. ಗಾಬರಿಯಾಗಿ ಫ್ರಿಜ್ಜಿನಿಂದ ತಣ್ಣನೆಯ ಹಾಲು ತೆಗೆದು ಸುರಿದಳು. ಗಂಟು ಕಟ್ಟಿತು. ಹೇಗೋ ಕದಡಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು.

ಒಂದೆರಡು ದಿನ ಬಿಟ್ಟು ತೆಗೆದರೆ ಹಲ್ಲಿಗೆ ಮರಳು ಸಿಕ್ಕಂತೆ. ಸುರಿಯಲು ಬರುತ್ತಿಲ್ಲ ಅಂತ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದಳು. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಿತು. ಇಷ್ಟೆಲ್ಲಾ ಆದ ಮೇಲೆ ಅವಳ ತೀರ್ಮಾನ: ‘ಡಬ್ಬಿಯ ಹಾಲೇ ಸರಿ ಇಲ್ಲ.’

ಹಾಲು ಸರಿಯಾಗಿಯೇ ಇತ್ತು. ಡಬ್ಬಿಯ ಲೇಬಲ್ ಓದಿದೆವು. ಸಕ್ಕರೆ ಸೇರಿಸಿದ ನಿಜವಾದ ಕಂಡೆನ್ಸ್ಡ್ ಮಿಲ್ಕ್, ಕೊಬ್ಬಿನ ಅಂಶ 8 ಶೇಕಡಾಕ್ಕಿಂತ ಮೇಲೆ. ಇದನ್ನು ಮೊದಲು ನೋಡಲು ಕಾರಣವಿದೆ. ಇದೇ ತರಹದ ಡಬ್ಬಿಯಲ್ಲಿ, ಪಕ್ಕದಲ್ಲೇ ಇಟ್ಟು, ಇನ್ನೆರಡು ಪದಾರ್ಥ ಮಾರುತ್ತಾರೆ. ಒಂದು, ಸಕ್ಕರೆ ಇಲ್ಲದ ಇವಾಪೊರೇಟೆಡ್ ಮಿಲ್ಕ್. ಅದರಿಂದ ಈ ಸಾಸ್ ಆಗುವುದೇ ಇಲ್ಲ. ಇನ್ನೊಂದು, ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆ ಬೆರೆಸಿದ ಸಿಹಿ ಕ್ರೀಮರ್. ಅದರಲ್ಲಿ ಹಾಲಿನ ಪ್ರೋಟೀನ್ ಕಡಿಮೆ ಇದ್ದರೆ ಬಣ್ಣವೂ ಗಟ್ಟಿತನವೂ ಅರೆಬರೆ ಬರುತ್ತವೆ. ಇಲ್ಲಿ ಆ ಸಮಸ್ಯೆ ಇರಲಿಲ್ಲ.

ಇಲ್ಲಿ ಕಂದಾಗುವುದು ಸಕ್ಕರೆಯಲ್ಲ

ಅವಳ ಎಡವಟ್ಟೆಲ್ಲ ಶುರುವಾಗಿದ್ದು ಇಲ್ಲಿಂದ. ಸಕ್ಕರೆ ಕ್ಯಾರಮೆಲ್ ಬೇರೆ, ಇದು ಬೇರೆ. ನಾವು ಅಡುಗೆಗೆ ಬಳಸುವ ಸಕ್ಕರೆ, ಅಂದರೆ ಸುಕ್ರೋಸ್, ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಂದಾಗಲು ಶುರು. ಕಂಡೆನ್ಸ್ಡ್ ಮಿಲ್ಕಿನಲ್ಲಿ ನೀರು ಇರುವವರೆಗೂ ಅದು ಅಷ್ಟು ಬಿಸಿಯಾಗುವುದಿಲ್ಲ. ನೂರು ಡಿಗ್ರಿಗಿಂತ ಸ್ವಲ್ಪ ಮೇಲಕ್ಕೆ ಹೋಗಿ ಅಲ್ಲೇ ಕುದಿಯುತ್ತದೆ. ಹಾಗಾದರೆ ಬಣ್ಣ ಎಲ್ಲಿಂದ ಬರುತ್ತದೆ?

ಹಾಲಿನಲ್ಲೇ ಇರುವ ಸಕ್ಕರೆ ಲ್ಯಾಕ್ಟೋಸ್, ಹಾಲಿನ ಪ್ರೋಟೀನ್ ಜೊತೆ ಸೇರಿ ನಿಧಾನಕ್ಕೆ ಕಂದಾಗುತ್ತದೆ. ಪ್ರೋಟೀನಿನಲ್ಲಿರುವ ಲೈಸೀನ್ ಎಂಬ ಅಮಿನೋ ಆಮ್ಲದ್ದು ಇದರಲ್ಲಿ ದೊಡ್ಡ ಪಾತ್ರ. ಸಕ್ಕರೆಗಳೂ ಅಮಿನೋ ಆಮ್ಲಗಳೂ ಸೇರಿ ಹೀಗೆ ಕಂದಾಗುವುದನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್. ಬ್ರೆಡ್ಡಿನ ಹೊರಪದರ ಕಂದಾಗುವುದಕ್ಕೂ ಹೆಚ್ಚಿನ ಮಟ್ಟಿಗೆ ಇದೇ ಕಾರಣ. ಈ ಕ್ರಿಯೆಗೆ 160 ಡಿಗ್ರಿ ಬೇಕಿಲ್ಲ. ನೂರು ಡಿಗ್ರಿಯಲ್ಲೂ ನಡೆಯುತ್ತದೆ, ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ.

ಹೊರಗಿನಿಂದ ಹಾಕಿದ ಸುಕ್ರೋಸ್ ಇಲ್ಲಿ ಬಹುಮಟ್ಟಿಗೆ ಸುಮ್ನೆ ಕೂತಿರುತ್ತದೆ. ಅದು ಪ್ರೋಟೀನ್ ಜೊತೆ ನೇರವಾಗಿ ಈ ಕ್ರಿಯೆಗೆ ಇಳಿಯುವ ಜಾತಿಯ ಸಕ್ಕರೆ ಅಲ್ಲ. ಸಿಹಿ ಕೊಡುತ್ತದೆ, ಮಂದ ಮಾಡುತ್ತದೆ, ಬಣ್ಣದ ಕೆಲಸವನ್ನು ಲ್ಯಾಕ್ಟೋಸ್‌ಗೆ ಬಿಡುತ್ತದೆ.

ಅಂದರೆ ಇಲ್ಲಿ ಬೇಕಾಗಿದ್ದು ಸಮಯ. ಸಮಯ ಕೊಡಬೇಕಾದರೆ ನೀರು ಆರಿಹೋಗದಂತೆ ಕಾಯಬೇಕು. ತೆರೆದ ಪಾತ್ರೆಯಲ್ಲಿ ಅವಳು ಮಾಡಿದ್ದು ಇದರ ಉಲ್ಟಾ. ಬಣ್ಣಕ್ಕೆ ಬೇಕಾದ ಸಮಯ ಸಿಗುವ ಮೊದಲೇ ನೀರು ಆರಿತು. ನೀರು ಆರಿದ ಕಡೆ, ಅಂದರೆ ತಳದಲ್ಲಿ, ಬಿಸಿ ಮಿತಿಯಿಲ್ಲದೆ ಏರಿ ಸೀದಿತು. ಮೇಲೆ ಬಣ್ಣವಿಲ್ಲ, ಕೆಳಗೆ ಕರಕಲು.

ಕಾರ್ಖಾನೆಯವರಿಗೆ ಇದು ಹಳೆಯ ತಲೆನೋವು. ಹಾಲನ್ನು ಬತ್ತಿಸಬೇಕು, ಆದರೆ ಕಂದಾಗಬಾರದು, ಸೀದ ವಾಸನೆ ಬರಬಾರದು. ಅಮೆರಿಕದ ಗೇಲ್ ಬಾರ್ಡನ್ 1856ರಲ್ಲಿ ಪೇಟೆಂಟ್ ಪಡೆದ ಉಪಾಯ ಎಂದರೆ ನಿರ್ವಾತದಲ್ಲಿ ಬತ್ತಿಸುವುದು. ಒತ್ತಡ ಇಳಿಸಿದರೆ ಹಾಲು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ನೀರು ಹೋಗುತ್ತದೆ, ಬಣ್ಣ ಉಳಿಯುತ್ತದೆ. ನಮಗೆ ಬೇಕಾಗಿರುವುದು ಸರಿಯಾಗಿ ಇದರ ವಿರುದ್ಧ: ನೀರು ಉಳಿಯಬೇಕು, ಬಣ್ಣ ಬದಲಾಗಬೇಕು. ಹಾಗಾದರೆ ಒತ್ತಡ ಏರಿಸಬೇಕು, ಅಲ್ವಾ? ಪ್ರೆಶರ್ ಕುಕ್ಕರ್ ಇರುವುದು ಅದಕ್ಕೇ. ಎರಡನೇ ಡಬ್ಬಿಯ ದಾರಿ ಇಲ್ಲೇ ಗೊತ್ತಾಯಿತು. ಆದರೆ ಮೊದಲು ಬಾಟಲಿಯ ಮರಳಿನ ವಿಚಾರ.

ಮರಳು ಎಲ್ಲಿಂದ ಬಂತು

ಕರಿ ಚೂರು, ಸೀದ ವಾಸನೆ ಯಾಕೆ ಅಂತ ಯಾರಿಗಾದರೂ ಹೊಳೆಯುತ್ತದೆ. ಮರಳಿನ ಕಥೆ ಅಷ್ಟು ಸುಲಭವಲ್ಲ. ಮಾಡಿದ ದಿನ ನುಣ್ಣಗಿದ್ದದ್ದು ಫ್ರಿಜ್ಜಿನಲ್ಲಿ ಕೂತಲ್ಲೇ ಮರಳಾಯಿತು. ಅವಳು ಅದನ್ನು ಸಕ್ಕರೆ ಕರಗಿಲ್ಲ ಅಂದುಕೊಂಡಿದ್ದಳು. ಕರಗಿತ್ತು. ಕರಗಿದ್ದು ಮತ್ತೆ ಹರಳಾಯಿತು.

ಲ್ಯಾಕ್ಟೋಸ್ ನೀರಿನಲ್ಲಿ ಕರಗಲು ಬಹಳ ಸೋಮಾರಿ. ಕೋಣೆಯ ಬಿಸಿಯಲ್ಲಿ 100 ಗ್ರಾಂ ನೀರಿಗೆ 20 ಗ್ರಾಂನಷ್ಟೂ ಕರಗುವುದಿಲ್ಲ. ಅದೇ ಸುಕ್ರೋಸ್ ಸುಮಾರು 200 ಗ್ರಾಂ ಕರಗುತ್ತದೆ. ಈಗ 400 ಗ್ರಾಂ ಡಬ್ಬಿಯೊಳಗೆ ಏನಿದೆ ಅಂತ ಲೆಕ್ಕ ಹಾಕೋಣ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಸ್ವಲ್ಪ ಆಚೀಚೆ ಆಗುತ್ತದೆ, ಅಂದಾಜು ಹೀಗೆ: ನೀರು 108 ಗ್ರಾಂ, ಸೇರಿಸಿದ ಸಕ್ಕರೆ 180 ಗ್ರಾಂ, ಲ್ಯಾಕ್ಟೋಸ್ 45 ಗ್ರಾಂ, ಕೊಬ್ಬು 32 ಗ್ರಾಂ, ಪ್ರೋಟೀನ್ 30 ಗ್ರಾಂ. ಉಳಿದದ್ದು ಖನಿಜಗಳು.

108 ಗ್ರಾಂ ನೀರಿನಲ್ಲಿ 45 ಗ್ರಾಂ ಲ್ಯಾಕ್ಟೋಸ್ ಕರಗಿರಲು ಸಾಧ್ಯವೇ ಇಲ್ಲ. ಜೊತೆಗೆ ಅಷ್ಟು ಸುಕ್ರೋಸ್ ಇದ್ದಾಗ ಇನ್ನೂ ಕಷ್ಟ. ಅಂದರೆ ಅಂಗಡಿಯಿಂದ ತಂದ ಡಬ್ಬಿಯಲ್ಲೂ ಲ್ಯಾಕ್ಟೋಸಿನ ಹೆಚ್ಚಿನ ಭಾಗ ಹರಳಾಗಿಯೇ ಇರುತ್ತದೆ. ನಾಲಿಗೆಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಹರಳು ಅಷ್ಟು ಸಣ್ಣದು. ಕಾರ್ಖಾನೆಯಲ್ಲಿ ಹಾಲನ್ನು ಸುಮಾರು 30 ಡಿಗ್ರಿಗೆ ತಣಿಸಿ, ನುಣ್ಣಗೆ ಅರೆದ ಲ್ಯಾಕ್ಟೋಸ್ ಪುಡಿ ಹಾಕಿ, ಜೋರಾಗಿ ಕದಡುತ್ತಾರೆ. ಲೆಕ್ಕವಿಲ್ಲದಷ್ಟು ಪುಟ್ಟ ಹರಳುಗಳು ಒಟ್ಟಿಗೆ ಹುಟ್ಟುತ್ತವೆ. ಹಂಚಿಕೊಳ್ಳುವವರು ಜಾಸ್ತಿ ಆದಾಗ ಯಾವ ಹರಳೂ ದೊಡ್ಡದಾಗುವುದಿಲ್ಲ. 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನ ಹರಳು ಬಾಯಿಗೆ ನುಣ್ಣಗೇ ಇರುತ್ತದೆ. ಅದರ ಎರಡು ಮೂರು ಪಟ್ಟು ಬೆಳೆದರೆ ನಾಲಿಗೆ ಹಿಡಿದುಬಿಡುತ್ತದೆ.

ಒಲೆಯ ಮೇಲಿಟ್ಟಾಗ ಆ ಪುಟ್ಟ ಹರಳುಗಳೆಲ್ಲ ಕರಗುತ್ತವೆ. ಕಾರ್ಖಾನೆಯ ಅಷ್ಟೂ ಶ್ರಮ ಅಲ್ಲಿಗೆ ಮುಗಿಯಿತು. ಮತ್ತೆ ತಣ್ಣಗಾದಾಗ ಹೊಸದಾಗಿ ಹರಳು ಕಟ್ಟಬೇಕು. ಕದಡದೆ, ನಿಧಾನಕ್ಕೆ, ಬಾಟಲಿಯಲ್ಲಿ ತಣಿಯಲು ಬಿಟ್ಟರೆ ಕೆಲವೇ ಹರಳು ಹುಟ್ಟಿ ದಪ್ಪಗೆ ಬೆಳೆಯುತ್ತವೆ. ಅವಳ ಬಾಟಲಿ ಬಿಸಿಬಿಸಿಯಾಗಿ ತುಂಬಿ, ಮುಚ್ಚಿ, ಹಾಗೇ ಕೂತಿತ್ತು.

ಇದರ ಮೇಲೆ ನೀರಿನ ನಷ್ಟ. ಬಾಟಲಿಯನ್ನು ತೂಕ ಹಾಕಿದೆವು. ಪಾತ್ರೆಗೆ ಅಂಟಿದ್ದು, ರುಚಿ ನೋಡಿದ್ದು, ಕೊನೆಗೆ ಸುರಿದ ತಣ್ಣನೆಯ ಹಾಲು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ 60ರಿಂದ 70 ಗ್ರಾಂ ನೀರು ಹೋಗಿತ್ತು. ಅಂದರೆ ಇದ್ದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಉಳಿದ 40 ಗ್ರಾಂ ಆಸುಪಾಸಿನ ನೀರು 80 ಗ್ರಾಂ ಸುಕ್ರೋಸ್ ಮಾತ್ರ ಹಿಡಿದುಕೊಳ್ಳಬಲ್ಲದು. ಇದ್ದದ್ದು 180. ಹಾಗಾಗಿ ಲ್ಯಾಕ್ಟೋಸ್ ಜೊತೆ ಮಾಮೂಲಿ ಸಕ್ಕರೆಯೂ ಹರಳಾಗಲು ಕಾದು ಕೂತಿತ್ತು. ಇದು ಬರೀ ತಣಿಸುವ ತಪ್ಪಾಗಿದ್ದರೆ ಮರಳು ಇಷ್ಟು ಒರಟಾಗಿ ಇರುತ್ತಿರಲಿಲ್ಲ.

ಡುಲ್ಸೆ ದೆ ಲೆಚೆ ಹೆಸರಿನಲ್ಲಿ ಹಾಲಿನ ಕ್ಯಾರಮೆಲ್ ತಯಾರಿಸುವ ಕಾರ್ಖಾನೆಗಳಿಗೂ ಈ ಮರಳಿನ ಕಾಟ ತಪ್ಪಿದ್ದಲ್ಲ. ಅವರು ಸಕ್ಕರೆಯ ಸ್ವಲ್ಪ ಭಾಗದ ಬದಲು ಗ್ಲೂಕೋಸ್ ಸಿರಪ್ ಹಾಕುತ್ತಾರೆ, ಇಲ್ಲವೇ ಲ್ಯಾಕ್ಟೇಸ್ ಎಂಬ ಕಿಣ್ವ ಬಳಸಿ ಲ್ಯಾಕ್ಟೋಸನ್ನು ಮೊದಲೇ ಒಡೆಯುತ್ತಾರೆ. ಮನೆಯಲ್ಲಿ ಒಂದು ಡಬ್ಬಿಗೆ ಅಷ್ಟೆಲ್ಲ ಬೇಕಾಗುವುದಿಲ್ಲ.

ಎಣ್ಣೆ ಬಿಟ್ಟದ್ದಕ್ಕೂ ಕಾರಣ ನೀರೇ. ಹಾಲಿನ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ತೇಲಿಕೊಂಡಿರುತ್ತದೆ. ನೀರು ತೀರಾ ಕಡಿಮೆಯಾದಾಗ ಹನಿಗಳು ಒಂದಕ್ಕೊಂದು ಅಂಟಿ ಎಣ್ಣೆಯಾಗುತ್ತವೆ. ಮೈಕ್ರೋವೇವ್ ಅಂಚನ್ನು ಮೊದಲು ಸುಡುವಷ್ಟು ಬಿಸಿ ಮಾಡಿತು, ಅಲ್ಲಿಂದಲೇ ಎಣ್ಣೆ ಜಿನುಗಿತು. ತಣ್ಣನೆಯ ಹಾಲಿನಿಂದ ಆದ ಗಂಟು ಮಾತ್ರ ಬೇರೆ ಬಗೆಯದು. ಹಾಲು ಒಡೆದದ್ದಲ್ಲ. ಬಿಸಿ, ಅಂಟು ಮುದ್ದೆಗೆ ತಣ್ಣನೆಯದು ತಾಗಿದ ಕಡೆ ಗಟ್ಟಿಯಾಗಿ ಉಂಡೆ ಕಟ್ಟಿತು. ಅದೇ ಹಾಲು ಬಿಸಿಯಾಗಿದ್ದರೆ ಬೆರೆತುಬಿಡುತ್ತಿತ್ತು.

ಉಳಿಸಿಕೊಳ್ಳಲು ಸಾಧ್ಯವೇ

ಅರ್ಧ ಸಾಧ್ಯವಾಯಿತು. ಬಾಟಲಿಯಲ್ಲಿದ್ದುದನ್ನು ಒಂದು ಬಟ್ಟಲಿಗೆ ತೋಡಿ, ಬಟ್ಟಲನ್ನು ಸಣ್ಣಗೆ ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟೆವು. ಬಿಸಿನೀರನ್ನು ಒಂದೊಂದೇ ಚಮಚ ಹಾಕುತ್ತಾ ವಿಸ್ಕ್‌ನಿಂದ ಕಡೆದೆವು. ಮೊದಲು ಎಣ್ಣೆ ಒಳಕ್ಕೆ ಹೋಯಿತು. ಇದು ನೋಡಲು ಖುಷಿಯಾಗುವ ಹಂತ. ಒಡೆದು ಕೂತಿದ್ದ ಸಾಸ್ ನಾಲ್ಕೈದು ಚಮಚ ನೀರಿಗೆ ಮತ್ತೆ ಹೊಳಪು ಪಡೆಯುತ್ತದೆ. ಹರಳು ಕರಗಲು ಜಾಸ್ತಿ ಹೊತ್ತು ಹಿಡಿಯಿತು. ಬೆರಳುಗಳ ನಡುವೆ ಒಂದು ಹನಿ ಉಜ್ಜಿದಾಗ ತರಿ ಸಿಗದವರೆಗೂ ಬಿಡಲಿಲ್ಲ. ಆಮೇಲೆ ಸೋಸಿ, ಬಟ್ಟಲನ್ನು ತಣ್ಣೀರಿನಲ್ಲಿ ಕೂರಿಸಿ, ಕದಡುತ್ತಲೇ ತಣಿಸಿದೆವು.

ಮರಳು ಹೋಯಿತು, ಕರಿ ಚೂರು ಜರಡಿಯಲ್ಲಿ ಉಳಿಯಿತು. ಸೀದ ವಾಸನೆ ಹೋಗಲಿಲ್ಲ. ಅದು ಕೊಬ್ಬಿನೊಳಗೇ ಸೇರಿಕೊಂಡಿರುತ್ತದೆ, ಯಾವ ಜರಡಿಗೂ ಸಿಗುವುದಿಲ್ಲ. ವೆನಿಲಾ ಹಾಕಿ ಮುಚ್ಚಲು ನೋಡುವವರಿದ್ದಾರೆ. ವೆನಿಲಾ ವಾಸನೆಯ ಸೀದ ಸಾಸ್ ಸಿಗುತ್ತದೆ, ಅಷ್ಟೇ. ಕಾಫಿಯಂಥ ಕಹಿ ಇರುವ ಕಡೆ ಅದು ನಡೆಯುತ್ತದೆ. ಕೇಕಿನ ಮೇಲೆ ಬೇಡ ಅಂತ ನಿರ್ಧರಿಸಿದೆವು.

ಎರಡನೇ ಡಬ್ಬಿ: ಯಾವ ದಾರಿ

ಬಹಳ ಜನ ಹೇಳುವ ಸುಲಭದ ದಾರಿ ಎಂದರೆ ಡಬ್ಬಿಯನ್ನು ತೆರೆಯದೆ ಹಾಗೇ ನೀರಿನಲ್ಲಿ ಎರಡು ಮೂರು ಗಂಟೆ ಕುದಿಸುವುದು. ಸಾಸ್ ದೃಷ್ಟಿಯಿಂದ ನೋಡಿದರೆ ಅದು ಜಾಣ ಉಪಾಯವೇ. ಒಂದು ಹನಿ ನೀರೂ ಆರುವುದಿಲ್ಲ, ತಳ ಹಿಡಿಯುವ ಮಾತೇ ಇಲ್ಲ. ಆದರೂ ನಾನು ಬೇಡ ಎನ್ನುವವನು. ಕುದಿಯುವ ನೀರು ಆರಿ ಡಬ್ಬಿ ಬರಿದಾದ ಪಾತ್ರೆಯಲ್ಲಿ ಕೂತರೆ ಒಳಗಿನ ಒತ್ತಡ ಏರಿ ಡಬ್ಬಿ ಸಿಡಿಯಬಹುದು. ಎಳೆಯುವ ಉಂಗುರವಿರುವ ಮುಚ್ಚಳವಾದರೆ ಇನ್ನೂ ಅಪಾಯ, ಯಾಕೆಂದರೆ ಹರಿಯಲೆಂದೇ ಅಲ್ಲಿ ಲೋಹವನ್ನು ತೆಳ್ಳಗೆ ಗೀರಿರುತ್ತಾರೆ. ಏನೂ ಆಗದೆ ಬೆಂದರೂ, ಬಿಸಿ ಇರುವಾಗಲೇ ತೆರೆಯುವ ಆತುರ ಇದೆಯಲ್ಲ, ಅದು ಕೆಟ್ಟದ್ದು. ಒಳಗಿನ ಸಾಸ್ ಒತ್ತಡದಿಂದ ಚಿಮ್ಮುತ್ತದೆ. ಅದು ನೀರಿನಂತೆ ಜಾರಿಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಡಬ್ಬಿಯನ್ನು ತೆರೆಯದೆ ಬಿಸಿ ಮಾಡಬೇಡಿ ಎಂದು ಹಲವು ತಯಾರಕರೇ ಎಚ್ಚರಿಸುತ್ತಾರೆ. ಬೇರೆ ಪಾತ್ರೆಗೆ ಸುರಿಯಲು ಹಿಡಿಯುವುದು ಒಂದು ನಿಮಿಷ. ಒಂದು ನಿಮಿಷ ಉಳಿಸಲು ಇಷ್ಟೆಲ್ಲ ಯಾಕೆ?

ಓವನ್ ಇದ್ದವರಿಗೆ ಒಳ್ಳೆಯ ದಾರಿ ಇದೆ. ಅಗಲ ಬೇಕಿಂಗ್ ಪಾತ್ರೆಗೆ ಹಾಲು ಸುರಿದು, ಫಾಯಿಲ್ ಬಿಗಿಯಾಗಿ ಮುಚ್ಚಿ, ಅದನ್ನು ಬಿಸಿನೀರಿರುವ ದೊಡ್ಡ ಟ್ರೇಯಲ್ಲಿ ಕೂರಿಸಿ 220 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ನಡುವೆ ಟ್ರೇಯ ನೀರು ನೋಡಿಕೊಳ್ಳಬೇಕು. ಮೈಕ್ರೋವೇವ್ ವೇಗವಾಗಿ ಮಾಡುತ್ತದೆ, ಆದರೆ ಮಧ್ಯಮ ಶಕ್ತಿಯಲ್ಲಿ ನಿಮಿಷಕ್ಕೊಮ್ಮೆ ತೆಗೆದು ಕಡೆಯಬೇಕು, ಉಕ್ಕಿ ಸುರಿಯುತ್ತದೆ, ನೀರೂ ಆರುತ್ತದೆ. ಗಾಜಿನ ಬಾಟಲಿಗೆ ತುಂಬಿ ತೆರೆದ ಪಾತ್ರೆಯ ನೀರಿನಲ್ಲಿ ಕುದಿಸಿದರೆ ಎರಡೂವರೆ ಮೂರು ಗಂಟೆ ಬೇಕು. ಎತ್ತರದ ಊರುಗಳಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ 300 ಮೀಟರ್ ಮೇಲೇರಿದರೆ ನೀರು ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ.

ಕುಕ್ಕರ್ ಇದ್ದಿದ್ದರಿಂದ ನಾವು ಅದನ್ನೇ ಹಿಡಿದೆವು. ಪೂರ್ತಿ ಒತ್ತಡದಲ್ಲಿ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಇಂಥ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡರಿಂದ ಮೂರು ಪಟ್ಟು ಚುರುಕಾಗುತ್ತವೆ. ಇಪ್ಪತ್ತು ಡಿಗ್ರಿಗೆ ನಾಲ್ಕು ಪಟ್ಟಿಗೂ ಮೇಲೆ. ಮೂರು ಗಂಟೆಯ ಕೆಲಸ 40 ನಿಮಿಷಕ್ಕೆ ಇಳಿಯುವುದು ಹೀಗೆ.

ಪಾತ್ರೆ ಆರಿಸುವಾಗ ಸ್ವಲ್ಪ ಯೋಚನೆ ಬೇಕು. ಕಂಡೆನ್ಸ್ಡ್ ಮಿಲ್ಕ್ ಮಂದ. ನೀರಿನಂತೆ ಒಳಗೊಳಗೇ ಸುತ್ತುವುದಿಲ್ಲ. ಬಿಸಿ ಹೊರಗಿನಿಂದ ಒಳಕ್ಕೆ ನಿಧಾನಕ್ಕೆ ಇಳಿಯಬೇಕು. ಉದ್ದನೆಯ ಬಾಟಲಿಯಾದರೆ ಗೋಡೆಯ ಹತ್ತಿರ ಗಾಢ ಕಂದು, ನಡುವೆ ಕೆನೆಬಣ್ಣ. ಅಗಲವಾದ ಸ್ಟೀಲ್ ಪಾತ್ರೆ ತೆಗೆದುಕೊಂಡೆವು, ಹಾಲಿನ ಆಳ ನಾಲ್ಕು ಸೆಂಟಿಮೀಟರ್ ಮೀರದಂತೆ. ಮೇಲೆ ಎರಡು ಪದರ ಫಾಯಿಲ್ ಬಿಗಿಯಾಗಿ ಕಟ್ಟಿದೆವು. ಫಾಯಿಲ್ ಸಡಿಲವಾದರೆ ಮುಚ್ಚಳದಿಂದ ತೊಟ್ಟಿಕ್ಕುವ ನೀರು ಒಳಗೆ ಬಿದ್ದು ಮೇಲ್ಭಾಗ ನೀರುನೀರಾಗುತ್ತದೆ. ಕುಕ್ಕರಿನ ತಳಕ್ಕೆ ಒಂದು ಸ್ಟ್ಯಾಂಡ್, ಪಾತ್ರೆಯ ಅರ್ಧ ಎತ್ತರದವರೆಗೆ ನೀರು. 40 ನಿಮಿಷಕ್ಕೆ ಸಾಕಾಗುವಷ್ಟು ನೀರು ಇರಲೇಬೇಕು, ಇದರಲ್ಲಿ ಜಿಪುಣತನ ಬೇಡ.

ಒತ್ತಡ ಬಂದ ಮೇಲೆ ಉರಿ ಸಣ್ಣದು ಮಾಡಿ 40 ನಿಮಿಷ ಬಿಟ್ಟೆವು. ಸೀಟಿ ಎಣಿಸುವ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಒಂದೊಂದು ಕುಕ್ಕರ್ ಒಂದೊಂದು ತರಹ ಸೀಟಿ ಹಾಕುತ್ತದೆ, ಗಡಿಯಾರ ನೋಡುವುದೇ ಸರಿ. ಆಮೇಲೆ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯುವವರೆಗೂ ಮುಟ್ಟಲಿಲ್ಲ. ತೂಕ ಎತ್ತಿ ಆವಿ ಬಿಡುವ ಅಭ್ಯಾಸ ಇದ್ದವರು ಇಲ್ಲಿ ಕೈ ಕಟ್ಟಿಕೊಳ್ಳಬೇಕು. ಒಳಗಿನ ಹಾಲು ಕುದಿಬಿಂದುವಿಗಿಂತ ಮೇಲಿದೆ, ಒತ್ತಡ ಮಾತ್ರ ಅದನ್ನು ಸುಮ್ಮನಿರಿಸಿದೆ. ಒತ್ತಡ ಒಮ್ಮೆಗೇ ಬಿದ್ದರೆ ಅಷ್ಟೂ ಹಾಲು ಒಟ್ಟಿಗೆ ಉಕ್ಕುತ್ತದೆ. ಫಾಯಿಲ್ ಹರಿದು ಕುಕ್ಕರ್ ತುಂಬಾ ಕ್ಯಾರಮೆಲ್. ಗಾಜಿನ ಬಾಟಲಿ ಬಳಸಿದ್ದರೆ ಬಿರುಕು ಬಿಡುವ ಭಯವೂ ಸೇರುತ್ತದೆ.

ಬಣ್ಣ ಬಂತು, ಸಾಸ್ ಇನ್ನೂ ಆಗಿರಲಿಲ್ಲ

ಫಾಯಿಲ್ ತೆಗೆದಾಗ ಗೆಳತಿಯ ಮುಖ ಸಪ್ಪಗಾಯಿತು. ಬಣ್ಣ ಸೊಗಸಾಗಿತ್ತು, ಜೇನಿಗಿಂತ ಗಾಢ. ಆದರೆ ನೋಡಲು ಗಟ್ಟಿ ಹಲ್ವದಂತೆ ಕೂತಿತ್ತು, ಅಲ್ಲಲ್ಲಿ ಗಂಟು. ಇದು ಕೆಟ್ಟದ್ದಲ್ಲ. ಬಿಸಿಗೆ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡಿದೆ, ಅಷ್ಟೇ. ಬಿಸಿ ಇರುವಾಗಲೇ ಎರಡು ನಿಮಿಷ ಕಡೆದರೆ ನುಣ್ಣಗಾಗುತ್ತದೆ. ಬಾಕಿ ಉಳಿದ ಗಂಟಿಗೆ ಜರಡಿ ಇದೆ. ಪಾತ್ರೆ ಸಹಿತ ತೂಕ ಹಾಕಿದರೆ ಹೋದದ್ದು ಐದಾರು ಗ್ರಾಂ ಮಾತ್ರ. ನೀರೆಲ್ಲ ಒಳಗೇ ಇತ್ತು.

ಬ್ರೆಡ್ಡಿಗೆ ಹಚ್ಚಿಕೊಳ್ಳಲು, ಬಿಸ್ಕತ್ತಿನ ನಡುವೆ ತುಂಬಲು ಇಷ್ಟೇ ಸಾಕು. ಸುರಿಯುವ ಸಾಸ್ ಬೇಕಾದರೆ ತೆಳುವಾಗಿಸಬೇಕು. 80 ಮಿಲಿಲೀಟರ್ ಕ್ರೀಮನ್ನು ಹಬೆಯಾಡುವಷ್ಟು ಬಿಸಿ ಮಾಡಿ, ಮೂರು ಸಲಕ್ಕೆ ಹಾಕಿ ಕಡೆದೆವು. ಕಾಲು ಚಮಚ ಉಪ್ಪು. ಉಪ್ಪು ಬಿಡಬೇಡಿ. ಇಷ್ಟು ಸಿಹಿ ಇರುವ ಕಡೆ ಉಪ್ಪಿಲ್ಲದಿದ್ದರೆ ಕಂದುಬಣ್ಣದ ಆ ರುಚಿ ನಾಲಿಗೆಗೆ ತಲುಪುವುದೇ ಇಲ್ಲ. ವೆನಿಲಾ ಅರ್ಧ ಚಮಚ, ಕೊನೆಯಲ್ಲಿ. ಕ್ರೀಮ್ ಬದಲು ಹಾಲು ಹಾಕಬಹುದು, ಆಗ 50ರಿಂದ 60 ಮಿಲಿಲೀಟರ್ ಸಾಕು. ಸಾಸ್ ಹೊಳಪು ಸ್ವಲ್ಪ ಕಡಿಮೆ, ಕೆಲಸ ನಡೆಯುತ್ತದೆ. ಬೆಣ್ಣೆ ಬೇಕೇ ಅಂತ ಅವಳು ಕೇಳಿದಳು. ಡಬ್ಬಿಯಲ್ಲೇ 32 ಗ್ರಾಂ ಹಾಲಿನ ಕೊಬ್ಬಿದೆ, ಮೇಲೆ ಕ್ರೀಮ್ ಬಂದಿದೆ. ನನಗೆ ಬೇಡ ಅನಿಸಿತು. ಅವಳು ಒಂದು ಚಮಚ ಹಾಕಿಯೇ ಹಾಕಿದಳು.

ಹದ ನೋಡುವುದು ಪಾತ್ರೆಯಲ್ಲಲ್ಲ. ಬಿಸಿ ಸಾಸ್ ಯಾವಾಗಲೂ ತೆಳುವಾಗಿ ಕಾಣುತ್ತದೆ. ಫ್ರಿಜ್ಜಿನಲ್ಲಿಟ್ಟ ತಟ್ಟೆಯ ಮೇಲೆ ಒಂದು ಚಮಚ ಬಿಟ್ಟು, ಒಂದು ನಿಮಿಷ ಕಾದು, ತಟ್ಟೆ ಓರೆ ಮಾಡಬೇಕು. ನಿಧಾನಕ್ಕೆ ಜಾರಿದರೆ ಹದ ಬಂದಿದೆ. ಜಾರದೇ ಕೂತರೆ ಇನ್ನೊಂದು ಚಮಚ ಬಿಸಿ ಹಾಲು.

ತಣಿಸುವ ಹಂತವನ್ನು ಈ ಸಲ ಅಡುಗೆಯ ಭಾಗವಾಗಿಯೇ ಮಾಡಿದೆವು. ಬಟ್ಟಲನ್ನು ತಣ್ಣೀರಿನಲ್ಲಿ ಕೂರಿಸಿ, ಕೈಗೆ ಬಿಸಿ ತಾಗದ ತನಕ ಕದಡಿದೆವು. ಕ್ರೀಮಿನಿಂದ ಸೇರಿದ ನೀರೂ ಲ್ಯಾಕ್ಟೋಸಿಗೆ ಸ್ವಲ್ಪ ಜಾಗ ಕೊಟ್ಟಿತು. ಬಾಟಲಿಯಲ್ಲಿ ಉಳಿದದ್ದು ಮುಗಿಯುವವರೆಗೂ ನುಣ್ಣಗೇ ಇತ್ತು.

ಅಡುಗೆ ಸೋಡಾದ ಪ್ರಶ್ನೆ

ಕೆಲವರು ಚಿಟಿಕೆ ಸೋಡಾ ಹಾಕುತ್ತಾರಲ್ಲ, ನಾವೂ ಹಾಕಬೇಕಿತ್ತೇ ಅಂತ ಅವಳು ಆಮೇಲೆ ಕೇಳಿದಳು. ಸೋಡಾ ಎರಡು ಕೆಲಸ ಮಾಡುತ್ತದೆ. ಹುಳಿ ಕಡಿಮೆಯಾದಷ್ಟೂ ಮೈಯಾರ್ ಕ್ರಿಯೆ ಚುರುಕಾಗುತ್ತದೆ, ಬಣ್ಣ ಬೇಗ ಬರುತ್ತದೆ. ಜೊತೆಗೆ ಲ್ಯಾಕ್ಟೋಸ್ ಬಿಸಿಗೆ ಒಡೆದಾಗ ಫಾರ್ಮಿಕ್ ಆಮ್ಲದಂಥ ಆಮ್ಲಗಳು ಹುಟ್ಟುತ್ತವೆ. ಗಂಟೆಗಟ್ಟಲೆ ಬತ್ತಿಸಿದಾಗ ಅವು ಹೆಚ್ಚಾಗಿ ಹಾಲು ಒಡೆಯಬಹುದು. ಸೋಡಾ ಅದನ್ನು ತಡೆಯುತ್ತದೆ. ಹಸಿ ಹಾಲಿನಿಂದ ಶುರು ಮಾಡಿ ತೆರೆದ ಪಾತ್ರೆಯಲ್ಲಿ ಬತ್ತಿಸುವವರಿಗೆ ಅದು ಬೇಕೇ ಬೇಕು. ಡಬ್ಬಿಯ ಹಾಲಿಗೆ, ಅದೂ ಕುಕ್ಕರಿನಲ್ಲಿ, ಅಗತ್ಯ ಕಾಣಲಿಲ್ಲ. ಹಾಕುವುದಾದರೆ ಒಂದು ಡಬ್ಬಿಗೆ ಚಮಚದ ಎಂಟನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ, ಮೇಲಾಗಿ ನೊರೆ ಉಕ್ಕುತ್ತದೆ. ಪಾತ್ರೆಯಲ್ಲಿ ಮೂರನೇ ಒಂದು ಭಾಗ ಖಾಲಿ ಇರಲಿ.

ಇಟ್ಟುಕೊಳ್ಳುವ ವಿಚಾರದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಕಡೆ ಇದೆ. ತೆರೆಯದ ಕಂಡೆನ್ಸ್ಡ್ ಮಿಲ್ಕ್ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುತ್ತದೆ, ಯಾಕೆಂದರೆ ಅದರಲ್ಲಿರುವ ಸಕ್ಕರೆ ನೀರನ್ನೆಲ್ಲ ಹಿಡಿದಿಟ್ಟು ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ಹಾಗಾಗಿ ಅದರ ಸಾಸೂ ಹೊರಗೆ ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಆದರೆ ಕ್ರೀಮ್ ಬೆರೆಸಿದ ಕ್ಷಣಕ್ಕೆ ಆ ಲೆಕ್ಕ ಬದಲಾಗುತ್ತದೆ. ನೀರು ಜಾಸ್ತಿಯಾಯಿತು, ಸಕ್ಕರೆಯ ಹಿಡಿತ ಸಡಿಲವಾಯಿತು. ಬಿಸಿ ಸಾಸನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೂ ಅದು ಕಾರ್ಖಾನೆಯ ಸೀಲ್ ಆಗುವುದಿಲ್ಲ. ಕ್ರೀಮ್ ಹಾಕಿದ್ದು ಫ್ರಿಜ್ಜಿನಲ್ಲಿ ಒಂದು ವಾರ. ಏನೂ ಬೆರೆಸದ ಗಟ್ಟಿ ಕ್ಯಾರಮೆಲ್ ಎರಡು ವಾರ ನಿರಾಯಾಸವಾಗಿ ಬರುತ್ತದೆ, ಒಣ ಚಮಚ ಹಾಕಿದರೆ.

ಅದಕ್ಕೇ ಅವಳು ಈಗ ಕ್ಯಾರಮೆಲ್ ಮಾಡಿ ಗಟ್ಟಿಯಾಗಿಯೇ ಇಡುತ್ತಾಳೆ. ಬೇಕಾದಷ್ಟನ್ನು ಬಟ್ಟಲಿಗೆ ತೆಗೆದು, ಬಿಸಿನೀರಿನ ಮೇಲೆ ಕೂರಿಸಿ, ಆ ಹೊತ್ತಿಗೆ ಬೇಕಾದಷ್ಟು ಕ್ರೀಮ್ ಬೆರೆಸುತ್ತಾಳೆ. ಎರಡು ಡಬ್ಬಿ ಒಟ್ಟಿಗೆ ಮಾಡುವಾಗ ಒಂದೇ ಆಳವಾದ ಪಾತ್ರೆಗೆ ಸುರಿಯುವುದಿಲ್ಲ. ಎರಡು ಅಗಲ ಪಾತ್ರೆಗಳನ್ನು ಒಂದರ ಮೇಲೊಂದು ಇಡುತ್ತಾಳೆ, ನಡುವೆ ಆವಿ ಓಡಾಡಲು ಜಾಗ ಬಿಟ್ಟು. ಸಮಯ ಅದೇ 40 ನಿಮಿಷ.